ಡಿಸ್ಲೆಕ್ಸಿಯಾ ಇರುವ ಮಗಳಿಗೆ ಟ್ಯಾಬ್‌ನಲ್ಲಿ ಕನ್ನಡ ಪಾಠ ಓದಲು ಯಾವ ಫಾಂಟ್ ಒಳ್ಳೆಯದು?

ಮಗಳು ಆರನೇ ಕ್ಲಾಸ್, ಶಾಲೆಯವರು ಪಾಠ ಪಿಡಿಎಫ್‌ನಲ್ಲಿ ಕಳಿಸುತ್ತಾರೆ ಅಂದಿದ್ದೀರಿ. ನಮ್ಮ ಮನೆಯಲ್ಲೂ ಇದೇ ಕಥೆ, ನನ್ನ ಮಗನದ್ದು. ಫಾಂಟ್ ಹುಡುಕುವುದರಲ್ಲೇ ನಾನು ಒಂದು ತಿಂಗಳು ಕಳೆದೆ. ಡಿಸ್ಲೆಕ್ಸಿಯಾಕ್ಕೆಂದೇ ಮಾಡಿದ ಓಪನ್‌ಡಿಸ್ಲೆಕ್ಸಿಕ್ ಹಾಕಿ ನೋಡಿದರೆ ಅದರಲ್ಲಿ ಕನ್ನಡ ಅಕ್ಷರವೇ ಇಲ್ಲ! ಇಂಗ್ಲಿಷ್ ಓದಿಗೂ ಅದರಿಂದ ಅಂಥ ಲಾಭ ಕಂಡಿಲ್ಲ. ನೋಟೊ ಸಾನ್ಸ್ ಕನ್ನಡದಂಥ ಸರಳ ಫಾಂಟ್ ಸಾಕು.

ನಮ್ಮ ಲಿಪಿಯ ಕಷ್ಟ ಬೇರೆ ಕಡೆ ಇದೆ. ಅವಳಿಂದ 'ಸೂರ್ಯ' ಓದಿಸಿ ನೋಡಿ. ಕಣ್ಣಿಗೆ ಮೊದಲು ಸಿಗುವುದು ಯ, ಆಮೇಲೆ ಅರ್ಕಾವತ್ತು. ಬಾಯಲ್ಲಿ ಮಾತ್ರ ರ್ ಮೊದಲು ಬರಬೇಕು. ನನ್ನ ಮಗ ಬಹಳ ದಿನ 'ಸೂಯ್ರ' ಅನ್ನುತ್ತಿದ್ದ. 'ರಾಷ್ಟ್ರ'ದಲ್ಲಂತೂ ಒಂದೇ ಅಕ್ಷರಕ್ಕೆ ಎರಡು ಒತ್ತು. ಸಾಲುಗಳು ಒತ್ತೊತ್ತಾಗಿದ್ದರೆ ಮೇಲಿನ ಸಾಲಿನ ಒತ್ತು ಬಂದು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಯಾವುದು ಯಾರದ್ದು ಅಂತ ಮಗುವಿಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ಸಾಲುಗಳ ಅಂತರ 1.5ಕ್ಕಿಂತ ಕಡಿಮೆ ಇಡಬೇಡಿ. ನಾನು 1.8 ಇಡುತ್ತೇನೆ. ಎರಡೂ ಅಂಚು ಸಮ ಮಾಡಬೇಡಿ, ಎಡಗಡೆ ಮಾತ್ರ ಸಾಕು. ನಮ್ಮ ಪದಗಳು ಉದ್ದ, ನಡುವೆ ದೊಡ್ಡ ದೊಡ್ಡ ಕಿಂಡಿ ಬೀಳುತ್ತವೆ.

ಇದನ್ನೆಲ್ಲ ಪಿಡಿಎಫ್‌ನಲ್ಲಿ ಮಾಡಲು ಆಗುವುದಿಲ್ಲ. ದೊಡ್ಡದು ಮಾಡಿದರೆ ಅರ್ಧ ಸಾಲು ಪರದೆಯ ಆಚೆ ಹೋಗುತ್ತದೆ. ಬೆರಳಲ್ಲಿ ಅತ್ತ ಇತ್ತ ಎಳೆಯುವಷ್ಟರಲ್ಲಿ ಮಗು ಸಾಲು ಮರೆತಿರುತ್ತದೆ. ಹಾಗಾಗಿ ಮೊದಲು ಪಾಠವನ್ನು ಪಿಡಿಎಫ್‌ನಿಂದ ಹೊರಗೆ ತೆಗೆಯಿರಿ. ಒಂದು ವಾಕ್ಯ ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಪೇಸ್ಟ್ ಮಾಡಿ. ಕನ್ನಡವೇ ಬಂದರೆ ಸರಿ. ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಬಂದರೆ ಅದು ಹಳೆಯ ನುಡಿ ಅಥವಾ ಬರಹ ಫಾಂಟಿನದ್ದು. ಅದನ್ನು ಯುನಿಕೋಡ್‌ಗೆ, ಅಂದರೆ ಈಗ ಎಲ್ಲ ಕಡೆ ಬಳಸುವ ಅಕ್ಷರ ಪದ್ಧತಿಗೆ ಬದಲಿಸುವ ಪರಿವರ್ತಕಗಳು ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಏನೂ ಕಾಪಿ ಆಗದಿದ್ದರೆ ಅದು ಸುಮ್ನೆ ಫೋಟೊ. ಗೂಗಲ್ ಡ್ರೈವ್‌ಗೆ ಹಾಕಿ, ಕಂಪ್ಯೂಟರಿನಲ್ಲಿ ಗೂಗಲ್ ಡಾಕ್ಸ್‌ನಿಂದ ತೆರೆಯಿರಿ, ಅಕ್ಷರ ಗುರುತಿಸಿ ಕೊಡುತ್ತದೆ. ಒತ್ತುಗಳಲ್ಲಿ ತಪ್ಪುತ್ತದೆ, ಅವಳಿಗೆ ಕೊಡುವ ಮೊದಲು ನೀವೇ ಒಮ್ಮೆ ತಿದ್ದಿ. ಬೇಜಾರಿನ ಕೆಲಸ, ಆದರೆ ತಪ್ಪು ಅಕ್ಷರ ಕಂಡರೆ ಈ ಮಕ್ಕಳು ತಮ್ಮದೇ ತಪ್ಪು ಅಂದುಕೊಳ್ಳುತ್ತಾರೆ.

ವರ್ಡ್ ಇದ್ದರೆ ಅದರಲ್ಲಿರುವ ಇಮ್ಮರ್ಸಿವ್ ರೀಡರ್ ಎಂಬ ಓದುವ ಸೌಲಭ್ಯದಲ್ಲಿ ಒಂದು, ಮೂರು ಅಥವಾ ಐದು ಸಾಲು ಮಾತ್ರ ಕಾಣುವ ಹಾಗೆ ಮಾಡಬಹುದು. ನಾವು ಮೂರಕ್ಕೆ ಇಟ್ಟಿದ್ದೇವೆ. ಹಿನ್ನೆಲೆ ಬಣ್ಣ ಅವಳೇ ಆರಿಸಲಿ, ನನ್ನ ಮಗ ತಿಳಿ ಹಳದಿ ಹಿಡಿದ. ಅಂದಹಾಗೆ, ಡಿಸ್ಲೆಕ್ಸಿಯಾ ಕಣ್ಣಿನ ಕಾಯಿಲೆ ಅಲ್ಲ, ಆದರೂ ಕಣ್ಣು ಪರೀಕ್ಷೆ ಮಾಡಿಸಿರದಿದ್ದರೆ ಮಾಡಿಸಿ.

ಕೊನೆಗೆ, ಓದುತ್ತಾ ಕೇಳಿಸಿಕೊಳ್ಳಲಿ. ಎಡ್ಜ್ ಬ್ರೌಸರ್‌ನಲ್ಲಿ ಗಟ್ಟಿಯಾಗಿ ಓದುವ ಸೌಲಭ್ಯಕ್ಕೆ ಸಪ್ನಾ, ಗಗನ್ ಅಂತ ಎರಡು ಕನ್ನಡ ದನಿ ಇವೆ. ಓದುವ ಪದಕ್ಕೆ ಬಣ್ಣ ಹಚ್ಚುತ್ತಾ ಹೋಗುತ್ತದೆ. ಮೊದಮೊದಲು ವೇಗ ತೀರಾ ಕಡಿಮೆ ಇಡಿ. ನನ್ನ ಮಗ ಈಗ ಅದನ್ನು ಜಾಸ್ತಿ ಮಾಡಿಕೊಂಡು, 'ಸಪ್ನಾ ಆಂಟಿ ನಿಧಾನ' ಅನ್ನುತ್ತಾನೆ.