ಫಲಕಕ್ಕೆ ಅಳತೆ ಇತ್ತು, ಸೈರನ್‌ಗೆ ಪುರುಸೊತ್ತು ಇರಲಿಲ್ಲ

(ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ ನೆಲೆಸಿರುವ ಓದುಗರೊಬ್ಬರು, ಟೆಕ್ಸಾಸ್ ಶಾಸನಸಭೆ ದಶಾಜ್ಞೆಯ ಫಲಕವನ್ನು ಮೊದಲು ಎತ್ತಿಕೊಂಡು ವಿಪತ್ತಿನ ಸೈರನ್ನನ್ನು ಅಟ್ಟಕ್ಕೆ ಹಾಕಿತು ಎಂದು ನಾವು ಬರೆದದ್ದನ್ನು ಓದಿ ಸಿಟ್ಟಾಗಿ ಎರಡು ಪುಟ ಬರೆದಿದ್ದಾರೆ. ಲೇಖನದಲ್ಲಿ ತಪ್ಪಿದೆ, ಶಾಲೆಯ ಗೋಡೆ ಮೇಲೆ ಬೈಬಲ್ಲಿನ ದಶಾಜ್ಞೆಗಳನ್ನು ತೂಗುಹಾಕಿದರೆ ಯಾರ ಗಂಟೇನು ಹೋಯಿತು, ಬೆಂಗಳೂರಲ್ಲಿ ಕೂತವರಿಗೆ ಆ ಉಸಾಬರಿ ಯಾಕೆ ಎಂಬುದು ಪತ್ರದ ಸಾರ. – ಸಂ.)

ನಮಸ್ಕಾರ. ತಪ್ಪು ಒಪ್ಪಿಕೊಂಡೇ ಶುರು ಮಾಡುತ್ತೇನೆ. ಟೆಕ್ಸಾಸ್ ಶಾಸನಸಭೆ ವರ್ಷಾವರ್ಷ ಸೇರುತ್ತದೆ ಎಂದು ನಾವು ಅಚ್ಚು ಹಾಕಿದ್ದು ತಪ್ಪು. ಮಾಮೂಲಿ ಅಧಿವೇಶನ ಬೆಸ ಸಂಖ್ಯೆಯ ವರ್ಷಗಳಲ್ಲಿ ಮಾತ್ರ, ಅದೂ ಹೆಚ್ಚೆಂದರೆ 140 ದಿನ. ಆದರೆ ನೀವು ತಿದ್ದಿದ ಈ ತಪ್ಪಿನಿಂದ ನಮ್ಮ ವಾದಕ್ಕೇ ಬಲ ಬಂತು. ಎರಡು ವರ್ಷಕ್ಕೊಮ್ಮೆ ನಾಲ್ಕೂವರೆ ತಿಂಗಳು ಸೇರುವ ಸಭೆ ಯಾವುದನ್ನು ಮೊದಲು ಎತ್ತಿಕೊಂಡಿತು, ಯಾವುದನ್ನು ಅಟ್ಟಕ್ಕೆ ಹಾಕಿತು ಎಂದು ಕೇಳಬೇಡವೇ?

2025ರ ಅಧಿವೇಶನ ಜೂನ್ 2ಕ್ಕೆ ಮುಗಿಯಿತು. ಅಲ್ಲಿ ಸೆನೆಟ್ಟಿನ, ಅಂದರೆ ಮೇಲ್ಮನೆಯ, ಮೊದಲ ಸಂಖ್ಯೆಗಳನ್ನು ಆ ಮನೆಯನ್ನು ನಡೆಸುವ ಲೆಫ್ಟಿನೆಂಟ್ ಗವರ್ನರ್ ಡ್ಯಾನ್ ಪ್ಯಾಟ್ರಿಕ್ ತಮ್ಮ ಆದ್ಯತೆಯ ಮಸೂದೆಗಳಿಗೆ ಕಾದಿರಿಸುತ್ತಾರೆ. 2ನೆಯದು ಖಾಸಗಿ ಶಾಲೆಯ ಶುಲ್ಕಕ್ಕೆ ಸರ್ಕಾರಿ ದುಡ್ಡು, ಒಟ್ಟು 100 ಕೋಟಿ ಡಾಲರ್. 10ನೆಯದೇ ನಿಮ್ಮ ದಶಾಜ್ಞೆ. ಪ್ರತಿ ಸರ್ಕಾರಿ ಶಾಲೆಯ ಪ್ರತಿ ತರಗತಿಯಲ್ಲೂ ಕನಿಷ್ಠ 16 ಇಂಚು ಅಗಲ, 20 ಇಂಚು ಎತ್ತರದ ಫಲಕ, ಕೋಣೆಯ ಯಾವ ಮೂಲೆಯಿಂದಲೂ ಓದುವಂತಿರಬೇಕು. ಅಕ್ಷರಕ್ಷರ ಏನಿರಬೇಕು ಎಂಬುದೂ ಕಾನೂನಿನೊಳಗೇ ಇದೆ. ಆ ಅಳತೆಗೆ ಕಾಗದ ಕತ್ತರಿಸಿ ನಮ್ಮ ಕಚೇರಿಯ ಗೋಡೆಗೆ ಹಿಡಿದು ನೋಡಿದೆ. ಕ್ಯಾಲೆಂಡರ್ ಪೂರ್ತಿ ಮುಚ್ಚಿಹೋಯಿತು.

ಇನ್ನೊಂದು ಮಸೂದೆ ಇತ್ತು, ಕೆಳಮನೆಯ 13ನೆಯದು. 2024ರಲ್ಲಿ ರಾಜ್ಯದ ಉತ್ತರ ತುದಿಯ ಪ್ಯಾನ್‌ಹ್ಯಾಂಡಲ್ ಭಾಗದಲ್ಲಿ ಹತ್ತು ಲಕ್ಷ ಎಕರೆಗೂ ಮಿಕ್ಕಿ ಸುಟ್ಟ ಕಾಳ್ಗಿಚ್ಚಿನ ನಂತರ, ಅದೇ ಕಡೆಯ ರಿಪಬ್ಲಿಕನ್ ಶಾಸಕ ಕೆನ್ ಕಿಂಗ್ ತಂದದ್ದು. ವಿಪತ್ತಿಗೆ ರಾಜ್ಯಕ್ಕೊಂದು ಯೋಜನೆ, ಊರುಗಳಿಗೆ ರೇಡಿಯೊ, ಸೈರನ್ ಹಾಕಿಸಲು ಅನುದಾನ. ಕೆಳಮನೆ ದೊಡ್ಡ ಬಹುಮತದಿಂದ ಪಾಸು ಮಾಡಿತು. ಖರ್ಚು ಹೆಚ್ಚಾಯಿತು ಎಂಬ ಗೊಣಗಾಟದ ನಡುವೆ ಸೆನೆಟ್ಟಿನಲ್ಲಿ ಮತಕ್ಕೆ ಬರಲೇ ಇಲ್ಲ.

ಫಲಕದ ಕಾನೂನಿಗೆ ಗವರ್ನರ್ ಸಹಿ ಬಿದ್ದದ್ದು ಜೂನ್ 21ಕ್ಕೆ. ಜುಲೈ 4ರ ಬೆಳಗಿನ ಜಾವ ಗ್ವಾಡಲೂಪ್ ಹೊಳೆ ಮುಕ್ಕಾಲು ಗಂಟೆಯಲ್ಲಿ 26 ಅಡಿ ಏರಿತು. ರಾಜ್ಯದಲ್ಲಿ 130ಕ್ಕೂ ಹೆಚ್ಚು ಜನ ಸತ್ತರು. ಕ್ಯಾಂಪ್ ಮಿಸ್ಟಿಕ್ ಎಂಬ ಬೇಸಿಗೆ ಶಿಬಿರವೊಂದರಲ್ಲೇ 27 ಮಂದಿ, ಹೆಚ್ಚಿನವರು ಪುಟ್ಟ ಹೆಣ್ಣುಮಕ್ಕಳು. ಕೆರ್ ಕೌಂಟಿಯ ಆ ಹೊಳೆದಂಡೆಯಲ್ಲಿ ಸೈರನ್ ಇರಲಿಲ್ಲ. ಎಚ್ಚರಿಕೆ ವ್ಯವಸ್ಥೆಗೆಂದು ವರ್ಷಗಳ ಹಿಂದೆಯೇ ಸುಮಾರು 10 ಲಕ್ಷ ಡಾಲರ್ ಕೇಳಿದ್ದರು, ಸಿಕ್ಕಿರಲಿಲ್ಲ.

ನ್ಯಾಯವಾಗಿ ಹೇಳಬೇಕು: 13ನೆಯ ಮಸೂದೆ ಪಾಸಾಗಿದ್ದರೂ ಜುಲೈ ಹೊತ್ತಿಗೆ ಒಂದು ಸೈರನ್ ಕೂಡ ನಿಲ್ಲುತ್ತಿರಲಿಲ್ಲ. ಆ ಸಾವುಗಳನ್ನು ಸೆನೆಟ್ಟಿನ ತಲೆಗೆ ಕಟ್ಟುವುದು ಸರಿಯಲ್ಲ, ನಾವು ಕಟ್ಟಿಯೂ ಇಲ್ಲ. ಆದರೆ ಅದೇ ಕೆರ್ ಕೌಂಟಿಯನ್ನು ಪ್ರತಿನಿಧಿಸುವ, ಆ ಮಸೂದೆಗೆ ವಿರುದ್ಧ ಮತ ಹಾಕಿದ್ದ ವೆಸ್ ವರ್ಡೆಲ್ ಅವರೇ, ಈಗಾಗಿದ್ದರೆ ಬಹುಶಃ ಬೇರೆ ಮತ ಹಾಕುತ್ತಿದ್ದೆ ಎಂದರು. ಆಮೇಲೆ ಕರೆದ ವಿಶೇಷ ಅಧಿವೇಶನದಲ್ಲಿ ಪ್ರವಾಹವೂ ಇತ್ತು, ರಿಪಬ್ಲಿಕನ್ ಪಕ್ಷಕ್ಕೆ ಐದು ಸಂಸತ್ ಸ್ಥಾನ ಹೆಚ್ಚಿಸಿಕೊಳ್ಳುವ ಕ್ಷೇತ್ರ ಮರುವಿಂಗಡಣೆಯೂ ಇತ್ತು. ಜಗಳವೆಲ್ಲ ಎರಡನೆಯದಕ್ಕೇ ಆಯಿತು, ಡೆಮಾಕ್ರಾಟರು ಕೋರಂ ಮುರಿದು ಇಲಿನಾಯ್‌ಗೆ ಓಡಿದರು. ಸೈರನ್ ಕಾನೂನು ಕೊನೆಗೂ ಬಂತು, ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ನಮ್ಮ ಕಾಲದಲ್ಲಿ ಶಾಲೆಯಲ್ಲಿ ಸರಸ್ವತಿ ಪಟ ಇರಲಿಲ್ಲವೇ ಎಂದಿದ್ದೀರಿ. ಇತ್ತು, ನಮ್ಮ ಶಾಲೆಯಲ್ಲೂ ಇತ್ತು. ಯಾವುದೋ ಮೇಷ್ಟರು ತಂದು ಮೊಳೆ ಹೊಡೆದದ್ದು. ಅದು ಸರಿಯೇ ಎಂದು ಪಕ್ಕದಲ್ಲಿ ಕೂರುತ್ತಿದ್ದ ಸಹಪಾಠಿಯನ್ನು ನಾವ್ಯಾರೂ ಕೇಳಲಿಲ್ಲ, ಅದು ಬೇರೆ ಮಾತು. ಇಲ್ಲಿ ಸರ್ಕಾರವೇ ಇಂಚುಪಟ್ಟಿ ಹಿಡಿದು ನಿಂತಿದೆ. ಮೊದಲ ಆಜ್ಞೆ ಬೇರೆ ದೇವರು ಬೇಡ ಎನ್ನುತ್ತದೆ, ಅದರ ಬೆನ್ನಿಗೇ ವಿಗ್ರಹ ಬೇಡ ಎಂಬ ಮಾತು. ಮನೆಯಲ್ಲಿ ಗಣಪತಿಗೆ ಕೈಮುಗಿದು ಬಸ್ಸು ಹತ್ತುವ ನಿಮ್ಮ ಮೊಮ್ಮಗಳು ಅದನ್ನು ದಿನವೂ ಓದಬೇಕು. ಕೋರ್ಟಿಗೆ ಹೋದ ಕುಟುಂಬಗಳಲ್ಲಿ ಹಿಂದೂಗಳೂ ಇದ್ದರು, ಕ್ರೈಸ್ತರೂ ಇದ್ದರು. 2025ರ ಆಗಸ್ಟ್‌ನಲ್ಲಿ ಫೆಡರಲ್ ನ್ಯಾಯಾಧೀಶ ಫ್ರೆಡ್ ಬೀರಿ 11 ಶಾಲಾ ಜಿಲ್ಲೆಗಳಲ್ಲಿ (ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತಗಳು) ತಡೆ ಕೊಟ್ಟರು, ವ್ಯಾಜ್ಯ ಮೇಲಿನ ಕೋರ್ಟಿಗೂ ಹೋಯಿತು. ಕೆಂಟಕಿಯ ಇಂಥದೇ ಕಾನೂನನ್ನು ಸುಪ್ರೀಂ ಕೋರ್ಟ್ 1980ರಲ್ಲೇ ರದ್ದು ಮಾಡಿತ್ತು ಎಂಬುದು ಗೊತ್ತಿದ್ದೇ ಈ ಕಾನೂನು ಮಾಡಿದರು.

ಇನ್ನು ವಿಧಾನಸೌಧದ ಕಡೆ ನೋಡಿ ಎಂದು ಚುಚ್ಚಿದ್ದೀರಿ. ನೋಡಿದ್ದೇವೆ. ಟೆಕ್ಸಾಸ್ ಶಾಸಕರ ಸಂಬಳ ತಿಂಗಳಿಗೆ 600 ಡಾಲರ್, ಭತ್ಯೆ ಬೇರೆ. ನಮ್ಮವರು 2025ರ ಮಾರ್ಚ್‌ನಲ್ಲಿ ಗದ್ದಲದ ನಡುವೆ, ಚರ್ಚೆಯೇ ಇಲ್ಲದೆ, 40,000 ರೂಪಾಯಿಯನ್ನು 80,000 ಮಾಡಿಕೊಂಡರು. ಗದ್ದಲ ಮಾಡುತ್ತಿದ್ದವರಿಗೂ ಸೇರಿಸಿ.

ಚಂದಾ ನಿಲ್ಲಿಸಿ ಎಂದೂ ಬರೆದಿದ್ದೀರಿ. ಡಿಸೆಂಬರ್‌ವರೆಗೆ ನಿಮ್ಮ ಹಣ ನಮ್ಮಲ್ಲಿದೆ, ಅಲ್ಲಿಯವರೆಗೆ ಸಂಚಿಕೆ ಬರುತ್ತದೆ. ಸಿಟ್ಟು ಬಂದಾಗ ಮತ್ತೆ ಬರೆಯಿರಿ, ನಿಮ್ಮ ಅಕ್ಷರ ಚೆನ್ನಾಗಿದೆ.