ಹಳೆಯ 407: ಸೈಲೆನ್ಸರ್ ಜೋರು ಸದ್ದು, ಕ್ಯಾಬಿನ್ ಒಳಗೆ ಹೊಗೆ. ಇಡೀ ಸೆಟ್ ಬದಲಿಸಬೇಕಾ?

ಅಣ್ಣಾ, ಇಡೀ ಸೆಟ್ ಬದಲಿಸಲು ಈಗಲೇ ದುಡ್ಡು ಹಾಕಬೇಡಿ. ಗಾಡಿ 2009ರ ಟಾಟಾ 407 ಅಂದಿದ್ದೀರಿ. ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಟಕ್ ಟಕ್ ಸದ್ದು, ಬಿಸಿಯಾದ ಮೇಲೆ ಸ್ವಲ್ಪ ಇಳಿಯುತ್ತದೆ, ಲೋಡಿನಲ್ಲಿ ಏರು ಹತ್ತುವಾಗ ಮತ್ತೆ ಜೋರು, ಕ್ಯಾಬಿನ್ನಿನಲ್ಲಿ ಹೊಗೆ ವಾಸನೆ, ಮುಂದಿನ ಪೈಪಿಗೆ ಹಾಕಿಸಿದ ವೆಲ್ಡಿಂಗ್ ಮತ್ತೆ ಬಿಟ್ಟಿದೆ. ಇದರಲ್ಲಿ ಯಾವುದೂ ಹಿಂದಿನ ಸೈಲೆನ್ಸರ್ ಡಬ್ಬದ ಲಕ್ಷಣವಲ್ಲ. ಡಬ್ಬ ತೂತಾದರೆ ಗಾಡಿ ತಣ್ಣಗಿರಲಿ ಬಿಸಿಯಿರಲಿ ಒಂದೇ ಸಮ ಕೂಗುತ್ತದೆ, ಹೊಗೆ ಹಿಂದೆಯೇ ಹೋಗುತ್ತದೆ. ತಣ್ಣಗಿದ್ದಾಗ ಟಕ್ ಟಕ್ ಎಂದು, ಬಿಸಿಯಾಗಿ ಲೋಹ ಹಿಗ್ಗಿದ ಮೇಲೆ ಕಡಿಮೆಯಾದರೆ ಹೆಚ್ಚುಪಾಲು ಅದು ಮ್ಯಾನಿಫೋಲ್ಡ್ (ಎಂಜಿನ್ನಿನಿಂದ ಹೊಗೆಯನ್ನು ಪೈಪಿಗೆ ಒಯ್ಯುವ ಕಬ್ಬಿಣದ ಕವಲು) ಗ್ಯಾಸ್ಕೆಟ್, ಅಂದರೆ ಜೋಡಣೆಯ ನಡುವಿನ ತೆಳು ಹಾಳೆ, ಅದನ್ನು ಹಿಡಿದಿರುವ ಸಡಿಲವಾದ ಸ್ಟಡ್ (ಬೋಲ್ಟ್) ಅಥವಾ ಮ್ಯಾನಿಫೋಲ್ಡಿನ ಬಿರುಕು. ಹೆದ್ದಾರಿ ಪಕ್ಕದ ಲಾರಿ ಗ್ಯಾರೇಜಿನಲ್ಲಿ ಕೆಲಸ ಮಾಡುವ ನನಗೆ ಇದು ಪದೇ ಪದೇ ಎದುರಾಗುವ ಕೆಲಸ.

ರಿಪೇರಿಗಿಂತ ಮೊದಲು ಒಂದು ಮಾತು. ರಾತ್ರಿ ಈರುಳ್ಳಿ ಲೋಡಿನಲ್ಲಿ ಬೆಂಗಳೂರಿಗೆ ಹೋಗಿ ಮಂಡಿ ತೆರೆಯುವ ತನಕ ಕ್ಯಾಬಿನ್ನಿನಲ್ಲೇ ಮಲಗುತ್ತೇನೆ ಎಂದು ಬರೆದಿದ್ದೀರಿ. ಈ ಸೋರಿಕೆ ಸರಿಯಾಗುವ ತನಕ ಎಂಜಿನ್ ಓಡುತ್ತಿರುವಾಗ ಒಳಗೆ ದಯವಿಟ್ಟು ಮಲಗಬೇಡಿ. 407ರಲ್ಲಿ ಎಂಜಿನ್ನಿನ ಒಂದು ಭಾಗ ಕ್ಯಾಬಿನ್ ಒಳಕ್ಕೇ ಬಂದಿರುತ್ತದೆ. ಅದರ ಕವರಿನ ಸುತ್ತಲಿನ ರಬ್ಬರ್ ಬೀಡಿಂಗ್ ಒಣಗಿ ಹರಿದಿದ್ದರೆ ಮ್ಯಾನಿಫೋಲ್ಡಿನಲ್ಲಿ ಸೋರಿದ್ದು ನೇರ ನಿಮ್ಮ ಮೂಗಿಗೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದುಕೊಂಡು ಬಿಡುವುದಿಲ್ಲ. ಪೆಟ್ರೋಲಿಗಿಂತ ಡೀಸೆಲ್ ಹೊಗೆಯಲ್ಲಿ ಅದು ಕಡಿಮೆ ನಿಜ, ಆದರೆ ಮುಚ್ಚಿದ ಕ್ಯಾಬಿನ್ನಿನಲ್ಲಿ ಆ ಧೈರ್ಯ ಬೇಡ. ತಲೆನೋವು, ವಾಕರಿಕೆ, ಹೊತ್ತಲ್ಲದ ಹೊತ್ತಿನಲ್ಲಿ ಜೊಂಪು ಬಂದರೆ ನಿದ್ದೆಗೆಟ್ಟಿದ್ದಕ್ಕೆ ಎಂದುಕೊಳ್ಳದೆ ಗಾಡಿ ಪಕ್ಕಕ್ಕೆ ಹಾಕಿ ಕೆಳಗಿಳಿಯಿರಿ. ಡೀಸೆಲ್ ಹೊಗೆ ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಹೇಳಿದೆ. ಬೀಡಿಂಗ್ ಬೆಲೆ ದೊಡ್ಡದಲ್ಲ, ಈ ವಾರವೇ ಹಾಕಿಸಿ.

ಇನ್ನು ಸೋರುವ ಜಾಗ ಹುಡುಕುವುದು. ರಾತ್ರಿಯೆಲ್ಲ ನಿಂತ ಗಾಡಿಯನ್ನು ಬೆಳಗ್ಗೆ ನೋಡುವುದೇ ಸರಿ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಬರೀ ಜಾಕಿ ಮೇಲೆ ನಿಂತ ಗಾಡಿಯ ಕೆಳಗೆ ನುಗ್ಗಬೇಡಿ, ಚಾಸಿಗೆ ದಪ್ಪ ಮರದ ದಿಮ್ಮಿ ಅಥವಾ ಸ್ಟ್ಯಾಂಡ್ ಕೊಟ್ಟೇ ಹೋಗಿ. ಸ್ಟಾರ್ಟ್ ಮಾಡುವ ಮೊದಲು ಟಾರ್ಚ್ ಹಿಡಿದು, ಮ್ಯಾನಿಫೋಲ್ಡ್ ಎಂಜಿನ್ನಿನ ಮೇಲ್ಭಾಗಕ್ಕೆ (ಹೆಡ್ಡಿಗೆ) ಕೂಡುವ ಅಂಚಿನಿಂದ ಹಿಡಿದು ಪೈಪ್ ಕೂಡುವ ಕೆಳಗಿನ ಫ್ಲ್ಯಾಂಜಿನವರೆಗೆ ನೋಡುತ್ತಾ ಬನ್ನಿ. ಸೋರುವ ಕಡೆ ಕಪ್ಪು ಮಸಿ ಬೀಸಣಿಗೆಯ ಆಕಾರದಲ್ಲಿ ಹರಡಿರುತ್ತದೆ, ಅದರ ಬುಡ ಎಲ್ಲಿದೆಯೋ ತೂತು ಅಲ್ಲೇ. ಕಾಣದಿದ್ದರೆ ಎಂಜಿನ್ ಸ್ಟಾರ್ಟ್ ಮಾಡಿಸಿ, ಇನ್ನೊಬ್ಬರು ಟೇಲ್ ಪೈಪಿನ ಬಾಯಿಗೆ ಒದ್ದೆ ಗೋಣಿಯ ಮಡಿಕೆಯನ್ನು ಎರಡು ಮೂರು ಸೆಕೆಂಡ್ ಮಾತ್ರ ಒತ್ತಿ ಹಿಡಿಯಲಿ. ಸೋರುವ ಜಾಗ ಬುಸ್ ಎನ್ನುತ್ತದೆ. ಪೈಪ್ ಇನ್ನೂ ತಣ್ಣಗಿರುವಾಗ ಜೋಡಣೆಗಳಿಗೆ ಸೋಪಿನ ನೀರು ಸವರಿದರೆ ಗುಳ್ಳೆ ಏಳುವುದೂ ಕಾಣುತ್ತದೆ. ನಿಮ್ಮದು ಟರ್ಬೊ (ಹೊಗೆಯ ಒತ್ತಡದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಇರುವ ಗಾಡಿಯಾಗಿದ್ದು, ಸದ್ದಿನ ಜೊತೆಗೆ ಪಿಕಪ್ ಬಿದ್ದು ಕಪ್ಪು ಹೊಗೆಯೂ ಬರುತ್ತಿದ್ದರೆ ಟರ್ಬೊಗಿಂತ ಹಿಂದೆಯೇ, ಅಂದರೆ ಮ್ಯಾನಿಫೋಲ್ಡ್ ಕಡೆಯೇ ಸೋರುತ್ತಿದೆಯಾ ಎಂದು ಮೊದಲು ನೋಡಿಸಿ. ಟರ್ಬೊ ತಿರುಗಿಸಬೇಕಾದ ಒತ್ತಡವೇ ಅಲ್ಲಿ ಹೊರಗೆ ಹೋಗಿಬಿಡುತ್ತದೆ, ಡೀಸೆಲ್ ಕುಡಿಯುವುದೂ ಹೆಚ್ಚುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು: ನಿಮ್ಮ ವೆಲ್ಡಿಂಗ್ ಯಾಕೆ ಬಿಟ್ಟಿತು? ಹೊಗೆ ಪೈಪಿಗೆ ಭಾರ ಹೊರುವ ಶಕ್ತಿ ಇಲ್ಲ. ಎಂಜಿನ್ ಅಲುಗುತ್ತದೆ, ಚಾಸಿ ಇನ್ನೊಂದು ರೀತಿ ತಿರುಚುತ್ತದೆ, ಪೈಪ್ ಇವೆರಡರ ನಡುವೆ ಸಿಕ್ಕಿಕೊಂಡಿದೆ. ಎಂಜಿನ್ ಫೌಂಡೇಶನ್ ರಬ್ಬರ್ ಕುಸಿದಿದ್ದರೆ, ಸೈಲೆನ್ಸರ್ ಹ್ಯಾಂಗರ್ ಮುರಿದು ಯಾರೋ ತಂತಿ ಬಿಗಿದಿದ್ದರೆ, ಪೈಪ್ ಒಂದೇ ಜಾಗದಲ್ಲಿ ಮುರಿಯುತ್ತಲೇ ಇರುತ್ತದೆ. ವೆಲ್ಡಿಂಗ್ ಗಟ್ಟಿಯಾಗಿದ್ದರೆ ಅದರ ಪಕ್ಕದಲ್ಲಿ ಮುರಿಯುತ್ತದೆ, ಅಷ್ಟೇ. ಹಾಗಾಗಿ ಎಂಜಿನ್ ರೇಸ್ ಮಾಡಿಸಿ ಅದು ಎಷ್ಟು ಹಾರುತ್ತದೆ ಎಂದು ಕಣ್ಣಾರೆ ನೋಡಿ. ನಡುವೆ ಫ್ಲೆಕ್ಸಿಬಲ್ ಪೈಪ್ ಇದ್ದ ಗಾಡಿಯಾದರೆ ಅದನ್ನು ಕಿತ್ತು ನೇರ ಪೈಪ್ ಬೆಸೆಯಲು ಒಪ್ಪಲೇಬೇಡಿ. ಆ ಅಲುಗಾಟವೆಲ್ಲ ಮ್ಯಾನಿಫೋಲ್ಡಿಗೆ ಹೋಗಿ ಅದು ಸೀಳುತ್ತದೆ. ಪೈಪಿನ ಖರ್ಚು ಉಳಿಸಲು ಹೋಗಿ ಮ್ಯಾನಿಫೋಲ್ಡ್ ಕಳೆದುಕೊಂಡ ಗಾಡಿಗಳು ನಮ್ಮಲ್ಲಿಗೆ ಬರುತ್ತಲೇ ಇರುತ್ತವೆ.

ಮ್ಯಾನಿಫೋಲ್ಡ್ ಬಿಚ್ಚುವಾಗ ಅವಸರ ಪಡುವವನ ಕೈಗೆ ಸ್ಪಾನರ್ ಕೊಡಬೇಡಿ. ಇಷ್ಟು ವರ್ಷ ಸುಟ್ಟ ನಟ್ಟುಗಳು ಕಚ್ಚಿಕೊಂಡಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಬೆಳಗ್ಗೆ ಒಂಚೂರು ಬಿಚ್ಚಿ, ಒಂಚೂರು ಬಿಗಿದು, ಹಾಗೇ ಬಿಡಿಸುತ್ತಾ ಬರಬೇಕು. ಬಗ್ಗದಿದ್ದರೆ ಎಣ್ಣೆ ಪೂರ್ತಿ ಒರೆಸಿ, ಹತ್ತಿರದ ಡೀಸೆಲ್ ಪೈಪು, ವೈರಿಂಗ್ ಮರೆಮಾಡಿ, ನಟ್ಟನ್ನು ಮಾತ್ರ ಗ್ಯಾಸ್ ಟಾರ್ಚಿನಲ್ಲಿ ಕೆಂಪಾಗಿ ಕಾಯಿಸಬೇಕು. ಸ್ಟಡ್ ಹೆಡ್ಡಿನೊಳಗೇ ಮುರಿದರೆ ಅದರ ತುದಿಗೆ ಹೊಸ ನಟ್ ಬೆಸೆದು ತಿರುಗಿಸುತ್ತಾರೆ, ಅದಕ್ಕೂ ಬಾರದಿದ್ದರೆ ಡ್ರಿಲ್ ಹೊಡೆದು ಟ್ಯಾಪ್ ಹಾಕಿ ಹೊಸ ಥ್ರೆಡ್ ಕೊರೆಯಬೇಕು. ಬಿಚ್ಚಿದ ಮ್ಯಾನಿಫೋಲ್ಡಿನ ಮುಖಕ್ಕೆ ನೇರ ಪಟ್ಟಿ ಇಟ್ಟು ಬೆಳಕು ತೂರುತ್ತದೆಯೇ ನೋಡಿ. ತೂರಿದರೆ ಲೇತ್ ಅಂಗಡಿಯಲ್ಲಿ ಫೇಸಿಂಗ್ ಮಾಡಿಸದೆ, ಅಂದರೆ ಮುಖ ಸಮ ಮಾಡಿಸದೆ, ಹೊಸ ಗ್ಯಾಸ್ಕೆಟ್ ಹಾಕಿದರೂ ದಂಡ. ಬಿರುಕು ಇದ್ದರೆ ಬದಲಿಸುವುದೇ ಲೇಸು. ಅದು ಬೀಡು ಕಬ್ಬಿಣ, ಚೆನ್ನಾಗಿ ಕಾಯಿಸಿ ನಿಕಲ್ ರಾಡಿನಲ್ಲಿ ಬೆಸೆದು ನಿಧಾನ ಆರಿಸುವ ತಾಳ್ಮೆ ಎಲ್ಲ ಕಡೆ ಸಿಗುವುದಿಲ್ಲ. ಹೊಸ ಗ್ಯಾಸ್ಕೆಟನ್ನು ಏನೂ ಬಳಿಯದೆ ಹಾಗೇ ಕೂರಿಸಿ, ನಡುವಿನ ನಟ್ಟಿನಿಂದ ಶುರುಮಾಡಿ ಎರಡೂ ತುದಿಗೆ ಬಿಗಿಯುತ್ತಾ ಹೋಗಬೇಕು. ಸಿಲಿಕಾನ್ ಪೇಸ್ಟ್, ಎಂ-ಸೀಲ್ ಯಾವುದೂ ಅಲ್ಲಿ ನಿಲ್ಲುವುದಿಲ್ಲ. ಲೋಡ್ ಎಳೆಯುವಾಗ ಆ ಜಾಗ 500 ಡಿಗ್ರಿ ದಾಟಬಹುದು.

ಪೈಪ್ ತುಂಡು ಬದಲಿಸುವುದಾದರೆ ನೀರಿನ ಜಿಐ ಪೈಪ್ ಬೇಡವೇ ಬೇಡ. ಅದರ ಸತುವಿನ ಲೇಪ ವೆಲ್ಡಿಂಗಿನಲ್ಲಿ ಹೊಗೆಯಾಗಿ ಬೆಸೆಯುವವರಿಗೆ ಜ್ವರ ತರಿಸುತ್ತದೆ. ವೆಲ್ಡಿಂಗ್ ಮೊದಲು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ತೆಗೆಸಿ, ಇಲ್ಲದಿದ್ದರೆ ಆಲ್ಟರ್ನೇಟರ್ ಹೋಗಬಹುದು.

ಹಿಂದಿನ ಡಬ್ಬವನ್ನೂ ಒಮ್ಮೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಒಳಗೆ ಗಡಗಡ ಎಂದರೆ ತಗಡು ಕಿತ್ತಿದೆ, ಆಗ ಬದಲಿಸಿ. ಅದನ್ನು ತೆಗೆದು ಬರೀ ಪೈಪ್ ಬಿಟ್ಟರೆ ಮೈಲೇಜ್ ಬರುತ್ತದೆ ಎನ್ನುವವರ ಮಾತು ಕೇಳಬೇಡಿ. ಶಬ್ದ ಮತ್ತು ಹೊಗೆಯ ನಿಯಮ ಮೀರಿದರೆ ಮೋಟಾರು ವಾಹನ ಕಾಯ್ದೆಯ 190(2)ರ ಪ್ರಕಾರ ಮೊದಲ ಸಲವೇ 10,000 ರೂಪಾಯಿವರೆಗೆ ದಂಡವಿದೆ. ನಿಮ್ಮ ಗಾಡಿಗೆ ಎಫ್‌ಸಿ (ಫಿಟ್‌ನೆಸ್ ತಪಾಸಣೆ) ಹೇಗೂ ಪ್ರತಿ ವರ್ಷ ಆಗಲೇಬೇಕು.

ಕೆಲಸ ಮುಗಿದ ಮೇಲೆ ಒಂದು ಲೋಡ್ ಹೊಡೆದು ಬಂದು, ಗಾಡಿ ಪೂರ್ತಿ ತಣ್ಣಗಾದಾಗ ಮ್ಯಾನಿಫೋಲ್ಡ್ ನಟ್ಟುಗಳನ್ನು ಇನ್ನೊಮ್ಮೆ ಬಿಗಿಸಿ. ಸದ್ಯಕ್ಕೆ ಮಸಿ ಎಲ್ಲಿ ಕಂಡಿತು, ಗಾಡಿಗೆ ಟರ್ಬೊ ಇದೆಯಾ ಎಂದು ಕೆಳಗೆ ಬರೆಯಿರಿ, ಯಾವ ಸಾಮಾನು ತರಬೇಕು ಎಂದು ಹೇಳುತ್ತೇನೆ.