ಕಾನೂನು ಸಲಹೆ: ಜಾಮೀನು ಸಿಕ್ಕರೂ ಬಿಡುಗಡೆ ಇಲ್ಲ

ಪ್ರಶ್ನೆ: ದಾವಣಗೆರೆ ಎಪಿಎಂಸಿಯಲ್ಲಿ ಹಮಾಲಿ ಮಾಡುವ ನಮ್ಮ ಪಕ್ಕದ ಮನೆಯ ಹುಡುಗನಿಗೆ ಹೊಡೆದಾಟದ ಪ್ರಕರಣದಲ್ಲಿ 50,000 ರೂಪಾಯಿ ಸ್ವಂತ ಮುಚ್ಚಳಿಕೆ (ತಪ್ಪದೆ ಹಾಜರಾಗುತ್ತೇನೆಂದು ಆರೋಪಿಯೇ ಬರೆದುಕೊಡುವ ಪತ್ರ) ಮತ್ತು ಅಷ್ಟೇ ಮೊತ್ತಕ್ಕೆ ಒಬ್ಬ ಜಾಮೀನುದಾರರ ಮೇಲೆ ಜಾಮೀನು ಸಿಕ್ಕಿ 12 ದಿನವಾಯಿತು. ಪಹಣಿ ಕೊಡುವವರಿಲ್ಲದೆ ಇನ್ನೂ ಜೈಲಿನಲ್ಲಿದ್ದಾನೆ. ನನಗೆ 2 ಎಕರೆ ಹೊಲವಿದೆ. ಜಾಮೀನು ನಿಂತರೆ ಹಣ ಈಗಲೇ ಕಟ್ಟಬೇಕೆ? ಹೊಲ ಕೈತಪ್ಪುತ್ತದೆಯೇ? (ಜಗಳೂರಿನ ಓದುಗರು)

ಉತ್ತರ: ಹಣ ಈಗ ಕಟ್ಟಬೇಕಾಗಿಲ್ಲ. ಆರೋಪಿ ಪ್ರತಿ ವಾಯಿದೆಗೂ ಹಾಜರಾಗುತ್ತಾನೆ, ತಪ್ಪಿದರೆ ಅಷ್ಟು ಹಣಕ್ಕೆ ನಾನು ಹೊಣೆ ಎಂದು ನೀವು ಬರೆದುಕೊಡುವ ಮಾತೇ ಜಾಮೀನು ಪತ್ರ. ಅದು ಅಡಮಾನ ಪತ್ರವಲ್ಲ. ಆ ಹೊಣೆ ಹೊರುವ ಶಕ್ತಿ ನಿಮಗಿದೆ ಎಂಬುದಕ್ಕೆ ಪಹಣಿ ಪುರಾವೆ ಮಾತ್ರ. ನ್ಯಾಯಾಧೀಶರು ನಿಮ್ಮನ್ನು ಎದುರಿಗೆ ನಿಲ್ಲಿಸಿ, ಹುಡುಗ ನಿಮಗೆ ಏನಾಗಬೇಕು, ಇದುವರೆಗೆ ಎಷ್ಟು ಜನರಿಗೆ ಜಾಮೀನು ನಿಂತಿದ್ದೀರಿ ಎಂದು ಕೇಳಬಹುದು. ಈ ಎರಡನೆಯದನ್ನು ಘೋಷಿಸುವುದು ಕಡ್ಡಾಯ. ಇದ್ದದ್ದನ್ನು ಇದ್ದಂತೆ ಹೇಳಿ.

ನೀವು ಮುಂದೆ ಬಂದಿರುವುದು ದೊಡ್ಡ ಮಾತು. ಆದರೆ ನೆರೆಯವರ ಪಹಣಿ ಸಿಗಲಿಲ್ಲವೆಂಬ ಒಂದೇ ಕಾರಣಕ್ಕೆ ಬಡವನೊಬ್ಬ ಜೈಲಿನಲ್ಲಿ ಕೊಳೆಯಬೇಕೆಂದು ಕಾನೂನು ಎಲ್ಲಿಯೂ ಹೇಳಿಲ್ಲ ಎಂಬುದನ್ನು ಆ ಮನೆಯವರಿಗೆ ತಿಳಿಸಿ. 1978ರಲ್ಲಿ ಮಧ್ಯಪ್ರದೇಶದ ಗಾರೆ ಕೆಲಸಗಾರ ಮೋತಿರಾಮ್ ಎಂಬವರಿಗೆ 10,000 ರೂಪಾಯಿಯ ಜಾಮೀನು ಕೇಳಿ, ಅವರ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಅದನ್ನೂ ತಿರಸ್ಕರಿಸಿದಾಗ, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡುಗಡೆಗೆ ಆದೇಶಿಸಿದರು. ಜಾಮೀನು ಆದೇಶವಾದ 7 ದಿನದೊಳಗೆ ಕೈದಿ ಹೊರಬರದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು, ತಿಂಗಳೊಳಗೆ ಜಾಮೀನು ಒದಗಿಸಲಾಗದಿದ್ದರೆ ನ್ಯಾಯಾಲಯ ತಾನಾಗಿಯೇ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು ಎಂದು ಅದೇ ನ್ಯಾಯಾಲಯ 2023ರ ಜನವರಿಯಲ್ಲಿ ನಿರ್ದೇಶಿಸಿದೆ. ನಿಮ್ಮ ಹುಡುಗನ 7 ದಿನ ಆಗಲೇ ಕಳೆದಿವೆ. ಆತನ ತಾಯಿ ನಾಳೆಯೇ ದಾವಣಗೆರೆ ನ್ಯಾಯಾಲಯದ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿಗೆ ಹೋಗಲಿ, ಇಲ್ಲವೇ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಲಿ. ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಮೊತ್ತ ವಿಪರೀತವಾಗಿರಬಾರದು ಎನ್ನುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ಕಾನೂನು) 484ನೇ ಕಲಮಿನಡಿ ಸೆಷನ್ಸ್ ನ್ಯಾಯಾಲಯದಲ್ಲಿ ಅದನ್ನು ಇಳಿಸಲು ಅರ್ಜಿ ಹಾಕಬಹುದು. ದುಡ್ಡು ಪಡೆದು ಯಾರಿಗೆ ಬೇಕಾದರೂ ಜಾಮೀನು ನಿಲ್ಲುವವರ ಬಳಿ ಮಾತ್ರ ಹೋಗಬೇಡಿ. ಸುಳ್ಳು ದಾಖಲೆ ಬಯಲಾದರೆ ಸಿಕ್ಕ ಜಾಮೀನೂ ಹೋಗುತ್ತದೆ.

ಪ್ರಶ್ನೆ: ನಾನು ಜಾಮೀನು ನಿಂತವನು ಎರಡು ವಾಯಿದೆಗೆ ಬಂದಿಲ್ಲ. ಈಗೇನು ಮಾಡಲಿ? (ಚಳ್ಳಕೆರೆಯ ಓದುಗರು)

ಉತ್ತರ: ನೋಟಿಸ್ ಬರುವವರೆಗೆ ಕಾಯಬೇಡಿ. ಜಾಮೀನುದಾರರು ಯಾವಾಗ ಬೇಕಾದರೂ ಹೊಣೆಯಿಂದ ಬಿಡುಗಡೆ ಕೋರಿ ಅರ್ಜಿ ಹಾಕಬಹುದು. ಆಗ ನ್ಯಾಯಾಲಯ ಆರೋಪಿಯ ಮೇಲೆ ವಾರಂಟ್ ಹೊರಡಿಸಿ, ಆತ ಹಾಜರಾದ ಮೇಲೆ ನಿಮ್ಮ ಪತ್ರವನ್ನು ರದ್ದುಪಡಿಸಿ ಬೇರೆ ಜಾಮೀನು ಕೇಳುತ್ತದೆ. ಮುಚ್ಚಳಿಕೆ ಮುಟ್ಟುಗೋಲಾಗಿ ನೋಟಿಸ್ ಬಂದಿದ್ದರೆ ಖುದ್ದಾಗಿ ಹೋಗಿ ಕಾರಣ ವಿವರಿಸಿ. ದಂಡದಲ್ಲಿ ಒಂದಂಶವನ್ನು ಮನ್ನಾ ಮಾಡುವ ಅಧಿಕಾರ ನ್ಯಾಯಾಲಯಕ್ಕಿದೆ. ಸುಮ್ಮನಿದ್ದರೆ ಅದನ್ನು ಜುಲ್ಮಾನೆಯಂತೆ ವಸೂಲಿ ಮಾಡುತ್ತಾರೆ, ವಸೂಲಾಗದಿದ್ದರೆ 6 ತಿಂಗಳವರೆಗೆ ಸಿವಿಲ್ ಜೈಲಿಗೂ ಕಳಿಸಬಹುದು.